ಅಗ್ಗದ ಪ್ರೊಸೆಸರ್‌ನ ಅಸಲಿ ಬೆಲೆ

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರಸ್ತೆ ಹತ್ತಿರವೇ. ಕಾಗದದಲ್ಲಿ ಅದು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗವಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಕಂಪ್ಯೂಟರ್ ಬಿಡಿಭಾಗಗಳಿಗೆ ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಹೇಗೋ ಮುಂಬೈಯಲ್ಲಿ ಇದು ಹಾಗೆ. ಗೇಮಿಂಗ್ ಪಿಸಿ ಜೋಡಿಸಿಕೊಳ್ಳಲು ಡೊಂಬಿವಲಿ, ವಸೈ ಕಡೆಯಿಂದ ಲೋಕಲ್ ಹತ್ತಿ ಬರುವ ಹುಡುಗರು ಮೊದಲು ಕೇಳುವುದು ಪ್ರೊಸೆಸರ್ ಎಷ್ಟಕ್ಕೆ ಎಂದು. ಕೇಳಬೇಕಾದ್ದು ಬೇರೆಯೇ ಇದೆ.

ಅಗ್ಗದ ಚಿಪ್ಪಿನ ಖ್ಯಾತಿ ಶುರುವಾದದ್ದು 1998ರಲ್ಲಿ, ಇಂಟೆಲ್‌ನ ಸೆಲೆರಾನ್ 300ಎಯಿಂದ. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಹಲವು ಪಟ್ಟು ದುಬಾರಿಯಾದ ಪೆಂಟಿಯಂ 2ಕ್ಕೆ ಸರಿಸಾಟಿ. ಆಮೇಲೆ ಕಂಪನಿಗಳು ಆ ದಾರಿಯನ್ನು ಮುಚ್ಚುತ್ತ ಬಂದವು. ಅಗ್ಗದ ಚಿಪ್ಪಿಗೆ ಎರಡನೆಯ ಜೀವ ಬಂದದ್ದು 2017ರಲ್ಲಿ. ಎರಡು ಕೋರ್, ನಾಲ್ಕು ಥ್ರೆಡ್‌ಗಳ ಪೆಂಟಿಯಂ ಜಿ4560ಕ್ಕೆ ಇಂಟೆಲ್ ಇಟ್ಟ ಬೆಲೆ 64 ಡಾಲರ್. ತೆರಿಗೆ ಬಿಟ್ಟರೆ ಅಂದಿನ ಲೆಕ್ಕಕ್ಕೆ ಸುಮಾರು 4,350 ರೂಪಾಯಿ. ಮರುವರ್ಷ ಫೆಬ್ರವರಿಯಲ್ಲಿ ಎಎಂಡಿಯ ರೈಜನ್ 3 2200ಜಿ 99 ಡಾಲರ್‌ಗೆ ಬಂತು. ಕ್ರಿಪ್ಟೊ ಗಣಿಗಾರಿಕೆಯಿಂದ ಗ್ರಾಫಿಕ್ಸ್ ಕಾರ್ಡ್‌ಗಳು ಕೈಗೆಟುಕದಿದ್ದ ಕಾಲವದು. ಗ್ರಾಫಿಕ್ಸ್ ಒಳಗೇ ಇದ್ದ ಈ ಚಿಪ್ಪಿಗೆ ಕಾರ್ಡೇ ಬೇಕಿರಲಿಲ್ಲ.

ಕಂಪನಿ ಸಾರುವ ಬೆಲೆ ಬೇರೆ, ಅಂಗಡಿಯಲ್ಲಿ ಕೊಡುವ ಬೆಲೆ ಬೇರೆ. 1997ರಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದಾಗಿ ಪ್ರೊಸೆಸರ್‌ಗೆ ಆಮದು ಸುಂಕವಿಲ್ಲ. 2017ರ ಜುಲೈ 1ರಂದು ಮುಂಬೈ ಪಾಲಿಕೆಯ ಆಕ್ಟ್ರಾಯ್ ಹೋಗಿ, ಶೇ. 18ರ ಜಿಎಸ್‌ಟಿ ಬಂತು. ಆದರೆ ಹೆಚ್ಚು ಹೊಡೆತ ಕೊಟ್ಟದ್ದು ರೂಪಾಯಿ. 100 ಡಾಲರ್ ಚಿಪ್ 2008ರ ಆರಂಭದಲ್ಲಿ ಸುಮಾರು 4,000 ರೂಪಾಯಿ; 2022ರ ಕೊನೆಗೆ 8,200 ದಾಟಿತ್ತು. ಇದರ ಜೊತೆಗೆ ಡಬ್ಬಿಯಿಲ್ಲದ ‘ಟ್ರೇ’ ಚಿಪ್ಪಿನ ಆಸೆ ಬೇರೆ: ನೂರಿನ್ನೂರು ರೂಪಾಯಿ ಉಳಿಸಲು ಹೋಗಿ, ಡಬ್ಬಿಯ ಜೊತೆ ಬರುವ ಕಂಪನಿಯ ಮೂರು ವರ್ಷದ ವಾರಂಟಿ ಕಳೆದುಕೊಳ್ಳಬಾರದು.

ಹಾಗಾದರೆ ಮೌಲ್ಯ ಎಲ್ಲಿದೆ? ಜಿ4560, 2200ಜಿ ಈ ಎರಡನ್ನೇ ನೋಡಿ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಎರಡೂ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಜಿ4560 ಕೂರುವ ಮದರ್‌ಬೋರ್ಡಿಗೆ ಪಟ್ಟಿಯಲ್ಲಿರುವ ಬೇರೆ ಚಿಪ್ ಹೊಂದುವುದಿಲ್ಲ, ಬೋರ್ಡನ್ನೇ ಬದಲಿಸಬೇಕು. 2200ಜಿ ಕೂತಿದ್ದ ಎಎಂ4 ಸಾಕೆಟ್‌ನ ಬೋರ್ಡಿಗೆ ಬಯೋಸ್ ನವೀಕರಿಸಿ, 2022ರಲ್ಲಿ ಬಂದ ಆರು ಕೋರ್‌ಗಳ ರೈಜನ್ 5 5600 ಹಾಕಬಹುದು. ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಬೇಕು, ನಿಜ. ಆದರೆ ರ‍್ಯಾಮ್, ಬೋರ್ಡು ಎರಡೂ ಉಳಿಯುತ್ತವೆ. ಕೊಳ್ಳುವ ದಿನ 35 ಡಾಲರ್ ಹೆಚ್ಚೆನಿಸಿದ ಚಿಪ್ಪೇ ಕೊನೆಗೆ ಅಗ್ಗವಾಯಿತು.

2022ರ ಐ3-12100ಎಫ್ ಕೂಡ 97 ಡಾಲರ್‌ಗೆ ನಾಲ್ಕು ಕೋರ್, ಎಂಟು ಥ್ರೆಡ್ ಕೊಟ್ಟ ಒಳ್ಳೆಯ ಚಿಪ್ಪೇ. ಆದರೆ ಚಿಪ್ಪೊಂದರ ಬೆಲೆ ನೋಡಿದರೆ ಸಾಲದು. 2025ರ ಕೊನೆಗೆ ಎಐ ಡೇಟಾ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದ ಮೇಲಂತೂ, ಪ್ರೊಸೆಸರ್‌ನಲ್ಲಿ ಸಾವಿರ ಉಳಿಸಿ ರ‍್ಯಾಮ್‌ಗೆ ಅದರ ಹಲವು ಪಟ್ಟು ತೆರುವ ಸ್ಥಿತಿ ಬಂತು. ಮಗನನ್ನೋ ಮಗಳನ್ನೋ ಕರೆದುಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೋಗುವವರು ಚಿಪ್ಪಿನ ಬೆಲೆ ಕೇಳುವ ಮೊದಲು ಇಷ್ಟು ಕೇಳಿ: ಈ ಬೋರ್ಡಿಗೆ ಮುಂದೆ ಯಾವ ಯಾವ ಪ್ರೊಸೆಸರ್ ಹಾಕಬಹುದು?