ಏಳು ಬಂಡಿಗಳು ಮತ್ತು ಮೊರಸುನಾಡು

ದೇವನಹಳ್ಳಿ ತಾಲ್ಲೂಕಿನ ಆವತಿಯ ಪ್ರಭುಗಳ ಮೂಲದ ಕಥೆ ಈ ಸೀಮೆಯಲ್ಲಿ ಬಹಳ ಮಂದಿಗೆ ಗೊತ್ತು. ಕಂಚಿಯ ಕಡೆಯ ಆಲೂರಿನಲ್ಲಿದ್ದ ರಣಬೈರೇಗೌಡನ ಮಗಳು ದೊಡ್ಡಮ್ಮನನ್ನು ಬಲಾಢ್ಯನೊಬ್ಬ ಬಯಸಿದ. ಅವನಿಗೆ ಹೆಣ್ಣು ಕೊಡಲು ಮನಸ್ಸಿಲ್ಲದೆ ಏಳು ಮನೆತನಗಳು ಬಂಡಿ ಹೂಡಿಕೊಂಡು ಊರು ಬಿಟ್ಟವು. ತುಂಬಿದ ಹೊಳೆಗೆ ಕಿವಿಯ ಓಲೆ ಅರ್ಪಿಸಿದಾಗ ಗಂಗೆ ದಾರಿ ಬಿಟ್ಟಳು. ಕೊನೆಗೆ ಅವರು ರಾಮಸ್ವಾಮಿ ಬೆಟ್ಟದ ಬುಡದಲ್ಲಿ ನೆಲೆ ನಿಂತರು. ಈ ವಂಶದ ಮಲ್ಲಬೈರೇಗೌಡನೇ 1501ರಲ್ಲಿ ದೇವನದೊಡ್ಡಿಯಲ್ಲಿ, ಅಂದರೆ ದೇವನಹಳ್ಳಿಯಲ್ಲಿ, ಕೋಟೆ ಕಟ್ಟಿಸಿದ್ದು. ಯಲಹಂಕದ ಪ್ರಭುಗಳೂ ತಮ್ಮ ಬೇರನ್ನು ಈ ಬಂಡಿಗಳಲ್ಲೇ ಕಾಣುತ್ತಾರೆ. ದೊರೆಯ ಕಾಟ, ಓಟ, ಇಬ್ಭಾಗವಾದ ನೀರು: ಈಜಿಪ್ಟಿನಿಂದ ಹೊರಟ ಇಸ್ರೇಲರ ಕಥೆಯ ಅಚ್ಚೂ ಇದೇ. ಒಂದನ್ನು ನೋಡಿ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಇಂಥ ಕಥೆ ಬಂದ ದಾರಿಯ ಲೆಕ್ಕಕ್ಕಿಂತ, ಬೇರೆಬೇರೆ ಮನೆತನಗಳು ಒಂದೇ ಕುಲವಾದ ಬಗೆಯನ್ನೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ವಾದ.

ಇಸ್ರೇಲ್ ಎಂಬ ಜನದ ಅತಿ ಹಳೆಯ ಖಚಿತ ಉಲ್ಲೇಖ ಈಜಿಪ್ಟಿನ ದೊರೆ ಮೆರ್ನೆಪ್ತಾನ ಕ್ರಿ.ಪೂ. 1208ರ ಸುಮಾರಿನ ಶಾಸನದಲ್ಲಿದೆ. ಆ ಹೊತ್ತಿಗಾಗಲೇ ಅವರು ಕಾನಾನ್ ನಾಡಿನಲ್ಲಿದ್ದರು. ಅಲ್ಲಿನ ಗುಡ್ಡಗಾಡಿನ ಹಳ್ಳಿಗಳನ್ನು ಅಗೆದಾಗ ಸಿಕ್ಕ ಮಡಕೆಗಳು ಕಾನಾನಿನ ಮಡಕೆಗಳ ಮುಂದುವರಿಕೆ. ಹೀಬ್ರೂ ಕೂಡ ಕಾನಾನಿನ ನುಡಿಗಳಲ್ಲೊಂದು. ಪರದೇಶದಿಂದ ದಂಡಾಗಿ ಬಂದ ಜನದ ಗುರುತು ಹೀಗಿರುವುದಿಲ್ಲ. ನಮ್ಮಲ್ಲೂ ಹಾಗೆಯೇ. ಆವತಿಯ ಪ್ರಭುಗಳ ಕುಲವಾದ ಮೊರಸು ಒಕ್ಕಲು ಹೊತ್ತಿರುವ ಹೆಸರು ಕಂಚಿಯದಲ್ಲ, ಕೋಲಾರ–ಹೊಸಕೋಟೆ ಸುತ್ತಿನ ಮೊರಸುನಾಡಿನದು. ಮನೆಮಾತು ಕನ್ನಡ, ಇಲ್ಲವೇ ತೆಲುಗು. ದೇವರು ಬೈರೇದೇವರು, ಅದರ ದೊಡ್ಡ ನೆಲೆ ಕೋಲಾರದ ಸೀತಿಬೆಟ್ಟ.

ನುಡಿ ಕಾಲಕ್ರಮದಲ್ಲಿ ಬದಲಾಗುವುದಿಲ್ಲವೇ ಎಂದು ಕೇಳಬಹುದು. ಬದಲಾಗುತ್ತದೆ. ತಮಿಳು ನಾಡಿನ ನಂಟೂ ಸುಳ್ಳಲ್ಲ: ನೆಲಮಂಗಲದ ಬಿನ್ನಮಂಗಲದ ಮುಕ್ತಿನಾಥೇಶ್ವರ ಗುಡಿಯ ಗೋಡೆಯಲ್ಲಿ ಕುಲೋತ್ತುಂಗ ಚೋಳನ ಕಾಲದ, 1110ರ ತಮಿಳು ಬರಹವಿದೆ. ಆದರೆ ತಿಗಳರನ್ನು ನೋಡಿ. ಅವರ ಹೆಸರಿನಲ್ಲೇ ತಮಿಳಿದೆ, ಎಷ್ಟೋ ಮನೆಗಳಲ್ಲಿ ಮಾತಿನಲ್ಲೂ ಉಳಿದಿದೆ. ಮೊರಸು ಒಕ್ಕಲಿನಲ್ಲಿ ಅಂಥದ್ದು ಕಾಣದು. ಹಾಗಾದರೆ ಕಥೆ ಬರೀ ಕಟ್ಟುಕಥೆಯೇ? ಹಾಗೂ ಅನ್ನಲಾಗದು. ಇಸ್ರೇಲರ ಕಥೆಯ ಮುಂದಾಳು ಮೋಶೆಯ ಹೆಸರು ಈಜಿಪ್ಟಿನದೆಂಬುದನ್ನು ಹಿಡಿದು, ಚಿಕ್ಕ ಗುಂಪೊಂದು ನಿಜಕ್ಕೂ ಅಲ್ಲಿಂದ ಬಂದಿತ್ತು, ಅದರ ನೆನಪನ್ನು ಉಳಿದವರೂ ತಮ್ಮದಾಗಿಸಿಕೊಂಡರು ಎನ್ನುವ ವಿದ್ವಾಂಸರಿದ್ದಾರೆ. ಆವತಿಗೂ ಕೆಲವು ಬಂಡಿಗಳು ಬಂದಿರಬಹುದು. ಪ್ರಭುಗಳಾದವರ ನೆನಪು ಮೊದಲೇ ಇಲ್ಲಿ ಉಳುತ್ತಿದ್ದವರಿಗೂ ಮೂಲದ ಕಥೆಯಾಯಿತು.

ಆದರೆ ಕಥೆಯೊಂದರಿಂದಲೇ ಕುಲ ನಿಲ್ಲುವುದಿಲ್ಲ, ಆಚರಣೆ ಬೇಕು. ಇಸ್ರೇಲರ ಗುಡ್ಡದ ಹಳ್ಳಿಗಳಲ್ಲಿ ಹಂದಿಯ ಮೂಳೆ ಬಲು ಅಪರೂಪ; ಅದನ್ನು ತಿನ್ನದಿರುವುದೇ ಅವರ ಗುರುತಾಗಿದ್ದಿರಬಹುದು. ಇಲ್ಲಿ ಮೊರಸು ಒಕ್ಕಲಿನ ಒಂದು ಪಂಗಡದ ಗುರುತು ಹೆಂಗಸರ ಕೈಯಲ್ಲೇ ಇತ್ತು. ಮಾರ್ಕ್ ವಿಲ್ಕ್ಸ್ ತನ್ನ 1810ರ ಮೈಸೂರು ಇತಿಹಾಸದಲ್ಲಿ ಅದನ್ನು ಬರೆದಿದ್ದಾನೆ: ಹಿರಿಯ ಮಗಳ ಕಿವಿ ಚುಚ್ಚುವ ಮುನ್ನ ತಾಯಿ ಬಲಗೈಯ ಉಂಗುರದ ಬೆರಳು, ಕಿರುಬೆರಳುಗಳ ತುದಿಗೆಣ್ಣನ್ನು ಕಮ್ಮಾರನ ಉಳಿಗೆ ಒಡ್ಡಬೇಕಿತ್ತು. ಆ ನೋವನ್ನು ಹೊತ್ತವರು ಹೆಂಗಸರೇ; ವಂಶಾವಳಿಯಲ್ಲಿ ಮಾತ್ರ ಗೌಡರ ಹೆಸರುಗಳು. ಸರ್ಕಾರ ಅದನ್ನು ತಡೆದ ಮೇಲೆ ಬೆರಳಿನ ಬದಲು ಚಿನ್ನ ಒಪ್ಪಿಸುವ ಪದ್ಧತಿ ಬಂತು. ಕೈಗಳು ಉಳಿದವು, ಪಂಗಡವೂ ಉಳಿಯಿತು.