ಗದ್ದಲ ತಗ್ಗಿಸಿದ ಅರವತ್ತು ವರ್ಷ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಯಂತ್ರಗಳು ಮೊದಲ ಸಲ ಗುರುತ್ವ ಅಲೆಯನ್ನು, ಅಂದರೆ ದೇಶಕಾಲದಲ್ಲೇ ಏಳುವ ಅಲೆಯನ್ನು, ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಬೆರೆತು ಒಂದಾಗಿದ್ದವು. ಹತ್ತು ವರ್ಷ ತುಂಬುವ ಮೊದಲೇ, 2025ರ ಜನವರಿ 14ರಂದು, ಹೆಚ್ಚುಕಡಿಮೆ ಅಷ್ಟೇ ದೂರದಿಂದ, ಅಂಥದೇ ತೂಕದ ಇನ್ನೊಂದು ಜೋಡಿಯ ಅಲೆ ಬಂತು. ಈ ಸಲ ಅದು ಸುಮಾರು ಮೂರು ಪಟ್ಟು ಸ್ಪಷ್ಟವಾಗಿ ದಾಖಲಾಯಿತು. ನಡುವಿನ ವರ್ಷಗಳಲ್ಲಿ ಯಂತ್ರಗಳು ಅಷ್ಟು ಚುರುಕಾಗಿದ್ದವು. ಈ ಬೆಳವಣಿಗೆಯಲ್ಲಿ ಕನ್ನಡಿ, ಲೇಸರುಗಳಿಗಿರುವಷ್ಟೇ ಪಾಲು ಕಾಗದದ ಮೇಲಿನ ಲೆಕ್ಕಕ್ಕೂ ಇದೆ. ಆ ಲೆಕ್ಕದಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಐನ್‌ಸ್ಟೈನ್ 1916ರಲ್ಲಿ ಈ ಅಲೆಗಳನ್ನು ಊಹಿಸಿದ್ದರೂ, ಹಿಡಿಯುವ ಸಾಹಸಕ್ಕೆ ಮೊದಲು ಇಳಿದವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋಸೆಫ್ ವೆಬರ್. 1960ರ ದಶಕದಲ್ಲಿ ಅವರು ದಪ್ಪ ಅಲ್ಯೂಮಿನಿಯಂ ದಿಂಡುಗಳನ್ನು ತೂಗುಹಾಕಿ, ಅವುಗಳ ಅದುರುವಿಕೆಯನ್ನು ಅಳೆಯತೊಡಗಿದರು. ಅಲೆ ಸಿಕ್ಕಿತೆಂದು 1969ರಲ್ಲಿ ಸಾರಿದರು. ಅಂಥದೇ ದಿಂಡು ಕಟ್ಟಿದ ಬೇರೆಯವರಿಗೆ ಏನೂ ಸಿಗಲಿಲ್ಲ.

ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ಕಾಲದಲ್ಲಿ ಸಂಶೋಧನೆ ಮಾಡುತ್ತಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಸಿ.ವಿ. ವಿಶ್ವೇಶ್ವರ. ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. ಕಪ್ಪುಕುಳಿಗೆ ಅಲೆಯೊಂದು ಅಪ್ಪಳಿಸಿದರೆ ಏನಾದೀತೆಂದು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಕಪ್ಪುಕುಳಿ ತನ್ನದೇ ಸ್ವರದಲ್ಲಿ ಮಿಡಿದು ಬೇಗನೆ ಸುಮ್ಮನಾಗುತ್ತದೆ ಎಂಬ ಉತ್ತರ ಬಂತು. 1970ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿದಾಗ ಆ ಸ್ವರವನ್ನು ಕೇಳಬಲ್ಲ ಯಂತ್ರ ಜಗತ್ತಿನಲ್ಲೆಲ್ಲೂ ಇರಲಿಲ್ಲ.

ಯಂತ್ರದ ದಾರಿ ತೆರೆದದ್ದು 1972ರಲ್ಲಿ. ಎಂಐಟಿಯ ರೈನರ್ ವೈಸ್ ಒಂದು ವರದಿ ಬರೆದರು. ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಲಂಬಕೋನದಲ್ಲಿರುವ ಎರಡು ತೋಳುಗಳಿಗೆ ಕಳಿಸಿ, ಕೊನೆಯ ಕನ್ನಡಿಗಳಿಂದ ಮರಳಿದ ಬೆಳಕನ್ನು ಕೂಡಿಸಿ ನೋಡುವುದು ಅವರ ಉಪಾಯ. ಆ ವರದಿಯ ನಿಜವಾದ ಬೆಲೆ ಇರುವುದು ಅದರ ಪಟ್ಟಿಯಲ್ಲಿ: ನೆಲದ ಕಂಪನ, ಕನ್ನಡಿಯ ಶಾಖ, ಲೇಸರಿನ ಏರಿಳಿತ, ಕೊಳವೆಯಲ್ಲಿ ಉಳಿದ ಅನಿಲ ಹೀಗೆ ಅಳತೆ ಕೆಡಿಸುವ ಒಂದೊಂದು ಗದ್ದಲವನ್ನೂ ಅವರು ಅಂದಾಜು ಮಾಡಿಟ್ಟರು. ಮುಂದಿನ ಐವತ್ತು ವರ್ಷಗಳ ಕೆಲಸವೆಂದರೆ ಆ ಪಟ್ಟಿಯ ಮೇಲೆ ಒಂದೊಂದಾಗಿ ಗೆರೆ ಎಳೆಯುವುದು.

ಕೆಲಸ ಎಷ್ಟು ನಾಜೂಕಿನದು? 2015ರ ಅಲೆ 4 ಕಿಲೋಮೀಟರ್ ಉದ್ದದ ತೋಳುಗಳಲ್ಲಿ ಉಂಟುಮಾಡಿದ ಉದ್ದದ ವ್ಯತ್ಯಾಸ ಪ್ರೋಟಾನಿನ ವ್ಯಾಸದ ಸುಮಾರು ನಾನೂರನೇ ಒಂದು ಪಾಲು. ವೈಸ್ ಅವರ ಉಪಾಯದ ಮೇಲೆ ಕಟ್ಟಿದ ಮೊದಲ ತಲೆಮಾರಿನ ಲೈಗೊ 2002ರಿಂದ 2010ರವರೆಗೆ ಕಾದರೂ ಒಂದೂ ಅಲೆ ಸಿಗಲಿಲ್ಲ. ಲೈಗೊದ ಎರಡು ಕೇಂದ್ರಗಳಲ್ಲಿ ಒಂದಾದ ಲಿವಿಂಗ್‌ಸ್ಟನ್ ಸುತ್ತ ಕಾಡಿನಲ್ಲಿ ಮರ ಕಡಿಯುವಾಗ ನೆಲ ಅದುರಿ, ಹಗಲಿನಲ್ಲಿ ಯಂತ್ರ ನಡೆಸುವುದೇ ಕಷ್ಟವಾಗಿತ್ತು. 2004ರಲ್ಲಿ ಹೈಡ್ರಾಲಿಕ್ ಆಸರೆ ಅಳವಡಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಇನ್ನೊಂದು ಕೇಂದ್ರವಾದ ಹ್ಯಾನ್‌ಫರ್ಡ್‌ನಲ್ಲಂತೂ ಮುಂದೊಮ್ಮೆ ನೈಟ್ರೋಜನ್ ಕೊಳವೆಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ದೊಡ್ಡ ಕಾಗೆಗಳು ಕುಕ್ಕಿದ್ದೂ ದಾಖಲೆಯಲ್ಲಿ ಮೂಡಿತು!

ಎರಡನೇ ತಲೆಮಾರಿನಲ್ಲಿ ಕನ್ನಡಿಗಳ ತೂಕ ಸುಮಾರು 11 ಕಿಲೋದಿಂದ 40 ಕಿಲೋಗೆ ಏರಿತು. ಅವನ್ನು ತೂಗುಹಾಕಿದ್ದ ಉಕ್ಕಿನ ತಂತಿ ಹೋಗಿ, 0.4 ಮಿಲಿಮೀಟರ್ ದಪ್ಪದ ಗಾಜಿನ ಎಳೆ ಬಂತು. ಶಾಖದಿಂದಾಗುವ ನಡುಕ ಇಂಥ ಎಳೆಯಲ್ಲಿ ಕೆಲವೇ ಕಂಪನಾಂಕಗಳಿಗೆ ಸೀಮಿತವಾಗಿ, ಉಳಿದ ಕಡೆ ಮೌನ ಸಿಗುತ್ತದೆ. ಕನ್ನಡಿಯನ್ನು ನಾಲ್ಕು ಹಂತದ ಲೋಲಕದ ತುದಿಗೆ ತೂಗಿಬಿಟ್ಟರು. ಹೀಗೆ ಸಜ್ಜಾಗುತ್ತಿದ್ದಾಗಲೇ ಮೊದಲ ಅಲೆ ಬಂದುಬಿಟ್ಟಿತು.

ಗದ್ದಲ ಎಷ್ಟು ತಗ್ಗಿದರೂ ಪೂರ್ತಿ ಹೋಗುವುದಿಲ್ಲ. ಅದರೊಳಗೆ ಹುದುಗಿದ ಅಲೆಯನ್ನು ಹೆಕ್ಕಲು ಅದರ ಆಕಾರ ಮೊದಲೇ ಗೊತ್ತಿರಬೇಕು. ಇಂಥ ಹುಡುಕಾಟದ ವಿಧಾನವನ್ನು 1991ರಲ್ಲಿ ರೂಪಿಸಿದವರು ಸಂಜೀವ ಧುರಂಧರ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಬಿ.ಎಸ್. ಸತ್ಯಪ್ರಕಾಶ್. ಎರಡು ಕಾಯಗಳು ಸುತ್ತುತ್ತಾ ಹತ್ತಿರವಾಗುವಾಗ ಅಲೆ ಹೇಗೆ ಬದಲಾಗುತ್ತದೆಂಬ ಸೂಕ್ಷ್ಮ ಲೆಕ್ಕವನ್ನು ರಾಮನ್ ಸಂಶೋಧನಾ ಸಂಸ್ಥೆಯ ಬಾಲ ಅಯ್ಯರ್ ಫ್ರೆಂಚ್, ಅಮೆರಿಕನ್ ಸಂಗಾತಿಗಳೊಂದಿಗೆ 1995ರಲ್ಲಿ ಮುಂದಕ್ಕೆ ಒಯ್ದರು. ಮೊದಲ ಅಲೆ ಸಿಕ್ಕಾಗ ಅದರ ಆರಂಭದ ಭಾಗಕ್ಕೂ ಕೊನೆಯ ಭಾಗಕ್ಕೂ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುವ ಕೆಲಸದಲ್ಲಿ ಬೆಂಗಳೂರಿನ ಐಸಿಟಿಎಸ್ ಸಂಶೋಧನಾ ಕೇಂದ್ರದ ತಂಡ ಮುಂದಿತ್ತು.

ಆಮೇಲಿನ ತೊಡಕು ಬೆಳಕಿನದೇ. ಫೋಟಾನುಗಳು ಏರುಪೇರಾಗಿ ಬರುವುದರಿಂದ ಮೇಲಿನ ಕಂಪನಾಂಕಗಳಲ್ಲಿ ಅಳತೆ ಮಸುಕಾಗುತ್ತದೆ. ಲೇಸರ್ ಹೆಚ್ಚಿಸಿದರೆ ಬೆಳಕಿನ ಒತ್ತಡವೇ ಕನ್ನಡಿಯನ್ನು ಅಲುಗಿಸಿ ಕೆಳಗಿನ ಕಂಪನಾಂಕಗಳನ್ನು ಕೆಡಿಸುತ್ತದೆ. ಈ ಕ್ವಾಂಟಂ ಅನಿಶ್ಚಿತತೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒತ್ತಿ ಸರಿಸಬಹುದೆಂದು 1981ರಲ್ಲಿ ಕಾರ್ಲ್‌ಟನ್ ಕೇವ್ಸ್ ತೋರಿಸಿದ್ದರು. ಲೈಗೊ ಅದನ್ನು 2019ರ ವೀಕ್ಷಣೆಯಲ್ಲಿ ಬಳಸಿತು. 2023ರಿಂದ 300 ಮೀಟರಿನ ಹೆಚ್ಚುವರಿ ಕೊಳವೆಯೊಂದರ ನೆರವಿನಿಂದ ಎರಡೂ ಕಡೆಯ ಗದ್ದಲವನ್ನು ಒಟ್ಟಿಗೆ ತಗ್ಗಿಸುತ್ತಿದೆ. ಇಲ್ಲಿ ಸಣ್ಣ ಲಾಭವೂ ದೊಡ್ಡದು. ಸೂಕ್ಷ್ಮತೆ ಎರಡು ಪಟ್ಟಾದರೆ ಯಂತ್ರಕ್ಕೆ ಎಟುಕುವ ಆಕಾಶ ಎಂಟು ಪಟ್ಟಾಗುತ್ತದೆ.

2025ರ ಅಲೆಯಲ್ಲಿ ವಿಶ್ವೇಶ್ವರರು ಲೆಕ್ಕ ಹಾಕಿದಂಥ ಮಿಡಿತ ನಿಚ್ಚಳವಾಗಿ ಸಿಕ್ಕಿತು. ಅದರ ಎರಡು ಸ್ವರಗಳನ್ನು ಬಿಡಿಸಿ ಗುರುತಿಸಲಾಯಿತು. 2017ರ ಜನವರಿಯಲ್ಲಿ ತೀರಿಕೊಂಡ ಅವರಿಗೆ ಮೊದಲ ಅಲೆಯ ಸುದ್ದಿ ಕೇಳುವ ಭಾಗ್ಯವಾದರೂ ಇತ್ತು.

ಮುಂದಿನ ಯೋಜನೆಗಳು ತೋಳನ್ನೇ ಉದ್ದ ಮಾಡಲಿವೆ. ಅಮೆರಿಕದ ಕಾಸ್ಮಿಕ್ ಎಕ್ಸ್‌ಪ್ಲೋರರ್ ಯೋಜನೆಯ ತೋಳು 40 ಕಿಲೋಮೀಟರ್. ಅದರ ಒಂದು ತುದಿಯನ್ನು ಶಿಕಾರಿಪುರದಲ್ಲಿಟ್ಟು ಸೊರಬದ ದಿಕ್ಕಿಗೆ ಚಾಚಿದರೆ ಇನ್ನೊಂದು ತುದಿ ಸೊರಬವನ್ನೂ ದಾಟಿ ಹೋದೀತು. ಭಾರತದ್ದು 4 ಕಿಲೋಮೀಟರಿನದು: ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಬರಲಿರುವ ಲೈಗೊ-ಇಂಡಿಯಾಗೆ ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದಕ್ಕೆ ಭೌತವಿಜ್ಞಾನಿಗಳಷ್ಟೇ ಸಾಲದು. ನಿರ್ವಾತ ತಂತ್ರ, ದೃಗ್ವಿಜ್ಞಾನ, ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಬಲ್ಲವರೂ ಬೇಕು. ಶಿಕಾರಿಪುರ, ಸೊರಬದಂಥ ಊರುಗಳಲ್ಲಿ ಪಿಯುಸಿ ವಿಜ್ಞಾನ ಪಾಠ ಹೇಳುವವರು ಈ ದಾರಿಯೂ ಇದೆಯೆಂದು ಮಕ್ಕಳಿಗೆ ಈಗಲೇ ತಿಳಿಸುವುದು ಒಳ್ಳೆಯದು.