ಸ್ವಯಂಚಾಲಿತ ಗೇರ್‌ಬಾಕ್ಸಿನ ಗುಂಯ್‌ಗುಡುವಿಕೆ

ಸ್ವಯಂಚಾಲಿತ ಗೇರ್‌ಬಾಕ್ಸಿನ ಗುಂಯ್‌ಗುಡುವಿಕೆ ಎಂದರೆ ಕ್ಲಚ್ ಪೆಡಲ್ ಇಲ್ಲದ ಕಾರುಗಳ ಗೇರ್‌ಬಾಕ್ಸಿನಿಂದ ಹೊರಡುವ, ಎಂಜಿನ್ನಿನ ಅಥವಾ ಚಕ್ರದ ವೇಗದೊಡನೆ ಏರಿಳಿಯುವ, ತೆಳುವಾದ ಎಳೆದ ಸದ್ದು. ಒಂದು ಲಕ್ಷ ಕಿಲೋಮೀಟರ್ ದಾಟಿದ ಕಾರುಗಳಲ್ಲಿ ಇದು ಹೆಚ್ಚಾಗಿ ಕೇಳಿಬರುತ್ತದೆ. ಅರ್ಧ ಲೀಟರ್ ಎಣ್ಣೆಯ ಕೊರತೆಯಿಂದಲೂ, ಒಳಗಿನ ಬೇರಿಂಗ್ ಪೂರ್ತಿ ಸವೆದುದರಿಂದಲೂ ಬಹುಮಟ್ಟಿಗೆ ಒಂದೇ ಬಗೆಯ ಸದ್ದು ಹುಟ್ಟಬಹುದು. ಮೊದಲನೆಯದಕ್ಕೆ ಸೋರಿಕೆ ನಿಲ್ಲಿಸಿ ಎಣ್ಣೆ ತುಂಬಿದರೆ ಸಾಕು. ಎರಡನೆಯದಕ್ಕೆ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಬೇಕಾಗುತ್ತದೆ, ಮತ್ತು ಹಳೆಯ ಕಾರಿನ ಮಾರುಕಟ್ಟೆ ಬೆಲೆಗಿಂತ ಆ ದುರಸ್ತಿಯ ವೆಚ್ಚವೇ ಹೆಚ್ಚಾಗುವುದುಂಟು. ಆದುದರಿಂದ ಬಿಚ್ಚುವ ಮುನ್ನ ಸದ್ದಿನ ಮೂಲವನ್ನು ಪತ್ತೆಹಚ್ಚುವುದು ಈ ದೋಷದ ನಿರ್ವಹಣೆಯಲ್ಲಿ ಮುಖ್ಯವಾದ ಹಂತವಾಗಿದೆ.

ಹಿನ್ನೆಲೆ

ಸಾಮೂಹಿಕವಾಗಿ ತಯಾರಾದ ಮೊದಲ ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸ್ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ‘ಹೈಡ್ರಾಮ್ಯಾಟಿಕ್’. ಅದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದಿತು. ಭಾರತದಲ್ಲಿ ಇಂತಹ ಕಾರುಗಳು ಬಹುಕಾಲ ದುಬಾರಿ ಮಾದರಿಗಳಿಗೆ ಸೀಮಿತವಾಗಿದ್ದವು. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಎಎಂಟಿ ಬಂದ ಬಳಿಕ ಕ್ಲಚ್ ಇಲ್ಲದ ಕಾರು ಮಧ್ಯಮವರ್ಗದ ಮನೆಗೂ ಬಂತು. ಆ ಕಾಲದ ಕಾರುಗಳೇ ಈಗ ಎರಡನೆಯ, ಮೂರನೆಯ ಒಡೆಯರ ಕೈಸೇರಿ ಸಣ್ಣ ಊರುಗಳ ರಸ್ತೆಗಳಲ್ಲಿ ಓಡುತ್ತಿವೆ.

ಸದ್ದು ಹುಟ್ಟುವ ಬಗೆ

ಸಾಂಪ್ರದಾಯಿಕ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿನ ಶಕ್ತಿ ಮೊದಲು ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಭಾಗಕ್ಕೆ ಬರುತ್ತದೆ. ಅದರೊಳಗೆ ಎದುರುಬದುರಾಗಿರುವ ಎರಡು ರೆಕ್ಕೆಚಕ್ರಗಳಲ್ಲಿ ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಎಸೆದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಕನ್ವರ್ಟರಿನ ಹಿಂಬದಿಯಲ್ಲಿ ಎಣ್ಣೆಯ ಪಂಪು ಇರುತ್ತದೆ. ಎಂಜಿನ್ ಓಡುತ್ತಿರುವವರೆಗೂ ಈ ಪಂಪು ತಳದ ತಟ್ಟೆಯಿಂದ ಎಣ್ಣೆಯನ್ನು ಸೋಸುಕದ ಮೂಲಕ ಹೀರಿ, ಒತ್ತಡ ಕೊಟ್ಟು, ಒಳಗಿನ ಕ್ಲಚ್‌ಗಳಿಗೂ ಬೇರಿಂಗ್‌ಗಳಿಗೂ ಕಳುಹಿಸುತ್ತದೆ. ಅಲ್ಲಿಂದ ಮುಂದೆ ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಸಮೂಹ, ಕೊನೆಯಲ್ಲಿ ಡಿಫರೆನ್ಷಿಯಲ್ ಇರುತ್ತವೆ.

ಗುಂಯ್ ಎಂಬ ಸದ್ದು ಇವುಗಳಲ್ಲಿ ಯಾವುದರಿಂದಲೂ ಬರಬಹುದು. ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರಿದರೆ ಗುಳ್ಳೆಗಳು ಒತ್ತಡದಲ್ಲಿ ಒಡೆದು ಕೂಗುತ್ತವೆ. ಬೇರಿಂಗಿನ ಉರುಳೆಗಳ ಮೈ ಒರಟಾದರೆ ತಿರುಗುವ ವೇಗಕ್ಕೆ ತಕ್ಕ ಸ್ವರ ಹೊರಡುತ್ತದೆ. ಹಲ್ಲುಗಳು ಸವೆದಾಗ ಅವು ಕೂಡುವ ಲಯವೇ ಸದ್ದಾಗುತ್ತದೆ. ಮೂರರ ಸ್ವರವೂ ಹತ್ತಿರ ಹತ್ತಿರವಾಗಿರುವುದರಿಂದ ಬರಿಯ ಕಿವಿಯಿಂದ ಬೇರ್ಪಡಿಸುವುದು ಕಷ್ಟ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಹೆಚ್ಚು ತಿಳಿಯುತ್ತದೆ.

ಮೊದಲು ತಳ್ಳಿಹಾಕಬೇಕಾದ ಕಾರಣಗಳು

ಗೇರ್‌ಬಾಕ್ಸಿನ ಮೇಲೆ ಆರೋಪ ಹೊರಿಸಿದ ಅನೇಕ ಸದ್ದುಗಳು ಬೇರೆಡೆಯಿಂದ ಬಂದವಾಗಿರುತ್ತವೆ. ಆಲ್ಟರ್ನೇಟರಿನ ಬೇರಿಂಗ್, ಬೆಲ್ಟಿನ ರಾಟೆಗಳು, ಹಳೆಯ ಕಾರುಗಳಲ್ಲಿ ಪವರ್ ಸ್ಟಿಯರಿಂಗಿನ ಪಂಪು ಇವೆಲ್ಲವೂ ಎಂಜಿನ್ ವೇಗದೊಡನೆ ಗುಂಯ್‌ಗುಡುತ್ತವೆ. ಸ್ಟಿಯರಿಂಗ್ ತಿರುಗಿಸಿದಾಗ ಸದ್ದು ಬದಲಾದರೆ ಅದರ ಪಂಪನ್ನೂ, ಹೆಡ್‌ಲೈಟ್ ಹಾಕಿದಾಗ ಬದಲಾದರೆ ಆಲ್ಟರ್ನೇಟರನ್ನೂ ಮೊದಲು ನೋಡಬೇಕು. ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಭಾಗಕ್ಕೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಪದ್ಧತಿ ಹಳೆಯದಾದರೂ ಇಂದಿಗೂ ಉಪಯುಕ್ತ. ತಿರುಗುವ ಬೆಲ್ಟು, ಫ್ಯಾನುಗಳಿಂದ ದೂರವಿರಬೇಕು, ಅಷ್ಟೆ. ಬೆಲ್ಟನ್ನು ಕಳಚಿ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್ ನಿರಪರಾಧಿ. ನೀರಿನ ಪಂಪೂ ಅದೇ ಬೆಲ್ಟಿನಿಂದ ಓಡುವ ಕಾರುಗಳಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಓಡಿಸಬಾರದು.

ಓಡುವಾಗ ಮಾತ್ರ ಬರುವ ಸದ್ದಿಗೆ ಟೈರು ಮತ್ತು ಚಕ್ರದ ಬೇರಿಂಗ್ ಕಾರಣವಿರಬಹುದು. ಕಾಂಕ್ರೀಟ್ ರಸ್ತೆಯಿಂದ ಡಾಂಬರಿಗೆ ಇಳಿದೊಡನೆ ಸ್ವರ ಬದಲಾದರೆ ಅದು ಟೈರಿನದು. ಸ್ಟಿಯರಿಂಗನ್ನು ಎಡಕ್ಕೆ ಮೆಲ್ಲನೆ ಬಾಗಿಸಿದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಬಲಬದಿಯ ಬೇರಿಂಗನ್ನು ಶಂಕಿಸಬೇಕು.

ನಿಂತಲ್ಲಿಯೇ ಮಾಡುವ ಪರೀಕ್ಷೆ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ಲಿವರನ್ನು ಪಿ, ಆರ್, ಎನ್, ಡಿ ಸ್ಥಾನಗಳಿಗೆ ಒಂದೊಂದಾಗಿ ಸರಿಸಿ ಕೇಳಬೇಕು. ಎಲ್ಲ ಸ್ಥಾನಗಳಲ್ಲಿಯೂ ಸದ್ದಿದ್ದು, ಎಂಜಿನ್ ವೇಗದೊಡನೆ ಏರಿದರೆ ಪಂಪಿನ ಕಡೆಗೆ ಬೆರಳು ಮಾಡಬಹುದು. ಅನೇಕ ಗೇರ್‌ಬಾಕ್ಸುಗಳಲ್ಲಿ ಹಿಮ್ಮುಖ ಗೇರಿಗೆ ಎಣ್ಣೆಯ ಒತ್ತಡ ಹೆಚ್ಚು ಬೇಕಾಗುವುದರಿಂದ ಬಳಲಿದ ಪಂಪು ಆರ್ ಸ್ಥಾನದಲ್ಲಿ ಇನ್ನಷ್ಟು ಕೂಗುತ್ತದೆ.

ಎನ್‌ನಲ್ಲಿ ಮೌನವಾಗಿದ್ದು ಡಿಯಲ್ಲಿ ಬ್ರೇಕ್ ಒತ್ತಿ ನಿಂತಾಗ ಮಾತ್ರ ಸದ್ದು ಬಂದರೆ ಟಾರ್ಕ್ ಕನ್ವರ್ಟರಿನ ಒಳಬೇರಿಂಗ್ ಸವೆದಿರುವ ಸಂಭವವಿದೆ. ಎನ್‌ನಲ್ಲಿ ಅದರ ಎರಡೂ ರೆಕ್ಕೆಚಕ್ರಗಳು ಹೆಚ್ಚುಕಡಿಮೆ ಒಟ್ಟಿಗೆ ಸುತ್ತುವುದರಿಂದ ನಡುವಿನ ಬೇರಿಂಗಿಗೆ ಕೆಲಸವಿರುವುದಿಲ್ಲ. ಡಿಯಲ್ಲಿ ಒಂದು ಚಕ್ರ ನಿಂತು ಇನ್ನೊಂದು ತಿರುಗುತ್ತದೆ; ಬೇರಿಂಗ್ ತನ್ನ ಸ್ಥಿತಿಯನ್ನು ಆಗ ಹೇಳುತ್ತದೆ. ಬ್ರೇಕ್ ಒತ್ತಿಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಡುವ ‘ಸ್ಟಾಲ್ ಪರೀಕ್ಷೆ’ ಕೆಲವು ಕೈಪಿಡಿಗಳಲ್ಲಿದೆ. ಎಣ್ಣೆಯನ್ನು ಕೆಲವೇ ಸೆಕೆಂಡುಗಳಲ್ಲಿ ಕುದಿಸುವ ಈ ಪರೀಕ್ಷೆಯನ್ನು ಹೆಚ್ಚು ಓಡಿದ ಕಾರಿನ ಮೇಲೆ ಮಾಡದಿರುವುದೇ ಲೇಸು.

ರಸ್ತೆಯ ಮೇಲಿನ ಪರೀಕ್ಷೆ

ಖಾಲಿ ಇರುವ ನೇರ ರಸ್ತೆಯಲ್ಲಿ ಗಂಟೆಗೆ 40–50 ಕಿ.ಮೀ. ವೇಗಕ್ಕೆ ಬಂದು ಲಿವರನ್ನು ಕ್ಷಣಕಾಲ ಎನ್‌ಗೆ ಸರಿಸಿದರೆ ಎಂಜಿನ್ ವೇಗ ಇಳಿದು ಚಕ್ರದ ವೇಗ ಉಳಿಯುತ್ತದೆ. ಸದ್ದು ಎಂಜಿನ್ನಿನೊಡನೆ ಇಳಿದರೆ ಮೂಲ ಮುಂಭಾಗದಲ್ಲಿ, ಹಾಗೆಯೇ ಉಳಿದರೆ ಡಿಫರೆನ್ಷಿಯಲ್ ಅಥವಾ ಚಕ್ರದ ಕಡೆಯಲ್ಲಿ. ಈ ಪರೀಕ್ಷೆಯಲ್ಲಿ ಎಂಜಿನ್ನನ್ನು ಆರಿಸಬಾರದು. ಆರಿಸಿದರೆ ಬ್ರೇಕಿನ ಮತ್ತು ಸ್ಟಿಯರಿಂಗಿನ ಸಹಾಯ ತಪ್ಪುತ್ತದೆ.

ಒಂದೆರಡು ಗೇರುಗಳಲ್ಲಿ ಮಾತ್ರ ಬರುವ ಸದ್ದು ಹಲ್ಲುಚಕ್ರಗಳ ಸಮೂಹವನ್ನು ಸೂಚಿಸುತ್ತದೆ. ಬಹುತೇಕ ನಾಲ್ಕು ಗೇರಿನ ಪೆಟ್ಟಿಗೆಗಳಲ್ಲಿ ಮೂರನೆಯ ಗೇರು 1:1 ಅನುಪಾತದ್ದು. ಅದರಲ್ಲಿ ಗ್ರಹಚಕ್ರಗಳು ಒಟ್ಟಾಗಿ ಬೀಗಬಿದ್ದು ಒಂದೇ ಗಡ್ಡೆಯಂತೆ ಸುತ್ತುವುದರಿಂದ, ಒಂದು ಮತ್ತು ಎರಡರಲ್ಲಿದ್ದ ಸದ್ದು ಮೂರರಲ್ಲಿ ಮಾಯವಾದರೆ ಮೂಲ ಬಹುಮಟ್ಟಿಗೆ ಖಚಿತ. ಹೋಂಡಾದ ಹಳೆಯ ಸ್ವಯಂಚಾಲಿತ ಪೆಟ್ಟಿಗೆಗಳಲ್ಲಿ ಗ್ರಹಚಕ್ರಗಳ ಬದಲು ಸಮಾನಾಂತರ ದಂಡಗಳಿರುವುದರಿಂದ ಈ ತರ್ಕ ಅವುಗಳಿಗೆ ಅನ್ವಯಿಸುವುದಿಲ್ಲ.

ಎಣ್ಣೆಯ ಪರೀಕ್ಷೆ

ಖರ್ಚಿಲ್ಲದ, ಆದರೆ ಹೆಚ್ಚಿನ ಸಂಗತಿಯನ್ನು ತಿಳಿಸುವ ಪರೀಕ್ಷೆ ಇದು. ಅಳತೆಕಡ್ಡಿ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಓಡುತ್ತಿರುವಾಗಲೇ ಪಿ ಸ್ಥಾನದಲ್ಲಿ ಮಟ್ಟ ನೋಡಬೇಕು. ಹೋಂಡಾದ ಹಲವು ಮಾದರಿಗಳಲ್ಲಿ ಎಂಜಿನ್ ಆರಿಸಿದ ಒಂದು ನಿಮಿಷದ ಆಸುಪಾಸಿನಲ್ಲಿ ನೋಡಬೇಕೆಂದಿದೆ. ಕೈಪಿಡಿಯೇ ಇಲ್ಲಿ ಪ್ರಮಾಣ. ಹೊಸ ಕಾರುಗಳಲ್ಲಿ ಅಳತೆಕಡ್ಡಿಯೇ ಇರುವುದಿಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ, ಎಣ್ಣೆಯ ಉಷ್ಣತೆ ತಯಾರಕರು ಹೇಳಿದ ಮಿತಿಯಲ್ಲಿರುವಾಗ, ಪೆಟ್ಟಿಗೆಯ ಬದಿಯ ಅಥವಾ ತಳದ ತಿರುಪನ್ನು ಬಿಚ್ಚಿ ನೋಡಬೇಕಾಗುತ್ತದೆ.

ಹೊಸ ಎಣ್ಣೆ ಹೆಚ್ಚಾಗಿ ಕೆಂಪಗಿರುತ್ತದೆ. ಕಂದುಬಣ್ಣ ವಯಸ್ಸಿನ ಗುರುತು. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ತಟ್ಟೆಗಳು ಸುಟ್ಟಿವೆ ಎಂದರ್ಥ. ಹಾಲು ಬೆರೆತಂತೆ ತೆಳುಗುಲಾಬಿಯಾಗಿದ್ದರೆ ನೀರು ಸೇರಿದೆ. ರೇಡಿಯೇಟರಿನೊಳಗಿನ ಎಣ್ಣೆ ತಂಪುಗೊಳಿಸುವ ನಾಳ ಒಡೆದಿರಬಹುದು. ನೊರೆ ಕಂಡರೆ ಮಟ್ಟ ತೀರಾ ಕಡಿಮೆ ಅಥವಾ ತೀರಾ ಹೆಚ್ಚು. ತಳದ ತಟ್ಟೆಯನ್ನು ಬಿಚ್ಚಿದಾಗ ಅದರ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಪುಡಿ ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಿಕ್ಕರೆ ಬೇರಿಂಗ್ ಅಥವಾ ಹಲ್ಲು ಒಡೆಯತೊಡಗಿದೆ. ಅಂತಹ ಕಾರನ್ನು ಮುಂದೆ ಓಡಿಸಬಾರದು.

ಬೆಳಗಿನ ತಂಪಿನಲ್ಲಿ ಜೋರಾಗಿ ಕೂಗಿ, ಬಿಸಿಯಾದಂತೆ ತಗ್ಗುವ ಸದ್ದಿಗೆ ಕಟ್ಟಿಕೊಂಡ ಸೋಸುಕ ಕಾರಣವಿರಬಹುದು. ದಪ್ಪಗಿರುವ ಎಣ್ಣೆ ಅದರ ಮೂಲಕ ಹರಿಯದೆ ಪಂಪು ಬರಿಗಾಳಿಗೆ ಒದ್ದಾಡುತ್ತದೆ.

ತಪ್ಪು ಎಣ್ಣೆಯ ಸಮಸ್ಯೆಯನ್ನು ಇಲ್ಲಿ ಒತ್ತಿ ಹೇಳಬೇಕು. ಟೊಯೊಟಾದ ಇತ್ತೀಚಿನ ಪೆಟ್ಟಿಗೆಗಳಿಗೆ ‘ಡಬ್ಲ್ಯುಎಸ್’, ಹೋಂಡಾದ ಹೊಸ ಸಿವಿಟಿಗಳಿಗೆ ‘ಎಚ್‌ಸಿಎಫ್-2’ ಎಂದು ಬೇರೆ ಬೇರೆ ಎಣ್ಣೆಗಳಿವೆ. ಎಲ್ಲ ಆಟೋಮ್ಯಾಟಿಕ್‌ಗೂ ಒಂದೇ ಎಣ್ಣೆ ನಡೆಯುತ್ತದೆ ಎಂಬ ಅಂಗಡಿಯ ಮಾತನ್ನು ನಂಬಿ ಸಿವಿಟಿಗೆ ಸಾಮಾನ್ಯ ಎಟಿಎಫ್ ಹಾಕಿದರೆ ಅದರ ಉಕ್ಕಿನ ಪಟ್ಟಿ ಜಾರಿ, ರಾಟೆಯ ಮೈ ಗೀರುಬಿದ್ದು ಸರಿಪಡಿಸಲಾಗದ ಹಾನಿಯಾಗಬಹುದು.

ಸ್ಕ್ಯಾನರ್ ಮತ್ತು ಒತ್ತಡಮಾಪಕ

ಕಾರಿನ ಕಂಪ್ಯೂಟರ್ ಸದ್ದನ್ನು ಕೇಳಲಾರದು. ಆದರೂ ಅದರ ದೋಷಸಂಕೇತಗಳನ್ನು ಓದಬೇಕು. ಪಿ0700 ಎಂಬುದು ಗೇರ್‌ಬಾಕ್ಸಿನ ನಿಯಂತ್ರಣದಲ್ಲಿ ದೋಷವಿದೆಯೆಂಬ ಸಾಮಾನ್ಯ ಸೂಚನೆ, ಪಿ0218 ಅತಿಯಾದ ಬಿಸಿ, ಪಿ0741 ಟಾರ್ಕ್ ಕನ್ವರ್ಟರಿನ ಕ್ಲಚ್ ಹಿಡಿಯದಿರುವುದು. ಸಂಕೇತವಿಲ್ಲವೆಂದ ಮಾತ್ರಕ್ಕೆ ಪೆಟ್ಟಿಗೆ ಸರಿಯಿದೆ ಎನ್ನುವಂತಿಲ್ಲ. ಪಂಪಿನ ಮೇಲೆ ಸಂಶಯವಿದ್ದರೆ ಪೆಟ್ಟಿಗೆಯ ಹೊರಮೈಯಲ್ಲಿರುವ ರಂಧ್ರಕ್ಕೆ ಒತ್ತಡಮಾಪಕ ಜೋಡಿಸಿ ಅಳೆಯುವುದು ನಿರ್ಣಾಯಕ.

ಇತರ ಬಗೆಯ ಪೆಟ್ಟಿಗೆಗಳು

ಎಎಂಟಿ ಎಂದರೆ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಅದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಹಿಮ್ಮುಖ ಗೇರಿನಲ್ಲಿ ಕೇಳುವ ಗುಂಯ್ ಅದರ ನೇರಹಲ್ಲುಗಳ ಸಹಜ ಸ್ವರ. ಸಿವಿಟಿಯಲ್ಲಿ ರಾಟೆಗಳನ್ನು ಹೊತ್ತ ಬೇರಿಂಗ್‌ಗಳು ಸವೆದಾಗ ಸದ್ದು ಮೊದಲು ಗುಂಯ್ ಎಂದಿದ್ದು ಕ್ರಮೇಣ ಗುಡುಗಿಗೆ ತಿರುಗುತ್ತದೆ.

ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ

1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ನೆಲ, ನೀರು, ಬೆಳೆ ಒಂದರಂತೆ ಒಂದಿಲ್ಲ. ಅಲ್ಲಿ ಓಡುವ ಗೇರ್‌ಬಾಕ್ಸುಗಳ ಕಷ್ಟಗಳೂ ಹಾಗೆಯೇ.

ಚನ್ನಗಿರಿ ಅಡಿಕೆಯ ನಾಡು. ತೋಟದ ದಾರಿಯ ಮಧ್ಯದ ಏರು, ಕಲ್ಲು ಮತ್ತು ಊರೂರಿನ ಎತ್ತರದ ಹಂಪುಗಳು ಕಾರಿನ ತಳದ ತಟ್ಟೆಗೆ ಬಡಿಯುತ್ತವೆ. ತಟ್ಟೆ ಒಳಕ್ಕೆ ತಗ್ಗಿದರೆ ಸೋಸುಕದ ಬಾಯಿ ಮುಚ್ಚಿ, ಎಣ್ಣೆ ಒಂದು ಹನಿ ಸೋರದಿದ್ದರೂ ಪಂಪು ಕೂಗತೊಡಗುತ್ತದೆ. ಪಂಪೇ ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಕಾರಿನಡಿ ಒಮ್ಮೆ ಬಗ್ಗಿ ನೋಡುವುದು ಅಗತ್ಯ.

ಬಯಲುಸೀಮೆಯ ಜಗಳೂರಿನಲ್ಲಿ ಬೇಸಗೆಯ ಬಿಸಿಲೇ ಶತ್ರು. ಎಣ್ಣೆಯ ಉಷ್ಣತೆ ಪ್ರತಿ ಹತ್ತು ಡಿಗ್ರಿ ಏರಿದಾಗ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ‘ಜೀವಮಾನಪೂರ್ತಿ ಬದಲಿಸಬೇಕಿಲ್ಲ’ ಎಂದು ಹೇಳಲಾಗುವ ಎಣ್ಣೆಯನ್ನೂ ಇಂತಹ ಹವೆಯಲ್ಲಿ 60,000 ಕಿ.ಮೀ. ಸುಮಾರಿಗೆ ಬದಲಿಸುವುದು ವಿವೇಕ. ರೇಡಿಯೇಟರಿನ ಮುಂದೆ ಕಟ್ಟಿದ ಧೂಳು, ಹೊಟ್ಟನ್ನು ತೆಗೆಯುವುದೂ ಇದರಷ್ಟೇ ಮುಖ್ಯ.

ಹೊನ್ನಾಳಿ ತುಂಗಭದ್ರೆಯ ದಡದ ಊರು. ಹೊಳೆ ಉಕ್ಕಿದ ವರ್ಷ ನೀರಿನಲ್ಲಿ ನಿಂತ ಕಾರಿನ ಪೆಟ್ಟಿಗೆಗೆ ಗಾಳಿಕೊಳವೆಯ ಮೂಲಕ ನೀರು ಇಳಿಯುತ್ತದೆ. ನೀರು ಕ್ಲಚ್ ತಟ್ಟೆಗಳ ಅಂಟನ್ನು ಸಡಿಲಿಸುವುದರಿಂದ, ಎಣ್ಣೆ ನೋಡದೆ ಎಂಜಿನ್ ಚಾಲು ಮಾಡಲೇಬಾರದು. ನೆರೆಗೆ ಸಿಕ್ಕಿದ ಕಾರು ತೊಳೆದು ಹೊಳಪುಗೊಂಡು ದೂರದ ಊರಿನಲ್ಲಿ ಮಾರಾಟವಾಗುವುದೂ ಉಂಟು. ಹಳೆಯ ಕಾರು ಕೊಳ್ಳುವವರು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ ಮೊದಲ ಚಾಲನೆಯ ಸದ್ದನ್ನು ಕೇಳಬೇಕು. ಮಾರುವವರು ಮೊದಲೇ ಬಿಸಿಮಾಡಿಟ್ಟಿದ್ದರೆ ಅದಕ್ಕೊಂದು ಕಾರಣವಿದ್ದೀತು.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಂತಹ ಊರುಗಳಲ್ಲಿ ಟ್ರ್ಯಾಕ್ಟರ್, ಬೈಕ್, ಕೈಗೇರಿನ ಕಾರುಗಳನ್ನು ಬಿಚ್ಚಿ ಜೋಡಿಸುವ ನುರಿತ ಕೈಗಳಿವೆ. ಸ್ವಯಂಚಾಲಿತ ಪೆಟ್ಟಿಗೆಯ ಒಳಗೆಲಸಕ್ಕೆ ಬೇಕಾದ ವಿಶೇಷ ಉಪಕರಣ, ಬಿಡಿಭಾಗಗಳಿಗಾಗಿ ಮಾತ್ರ ಸಾಮಾನ್ಯವಾಗಿ ದೊಡ್ಡ ನಗರಗಳನ್ನೇ ಅವಲಂಬಿಸಬೇಕಾಗುತ್ತದೆ. ಹೊನ್ನಾಳಿಯಿಂದ ಶಿವಮೊಗ್ಗ ಸುಮಾರು 40 ಕಿ.ಮೀ., ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. ಆದುದರಿಂದ ಮೇಲಿನ ಪರೀಕ್ಷೆಗಳನ್ನು ಊರಿನಲ್ಲಿಯೇ ಮಾಡಿ, ಸದ್ದು ಯಾವ ಸ್ಥಾನದಲ್ಲಿ, ಯಾವ ವೇಗದಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಎಂದು ಬರೆದಿಟ್ಟು, ಫೋನಿನಲ್ಲಿ ಸದ್ದನ್ನು ಮುದ್ರಿಸಿ ಕಳುಹಿಸಿದರೆ ಒಂದು ಪ್ರಯಾಣವಾದರೂ ಉಳಿಯಬಹುದು.

ಕೆಟ್ಟು ನಿಂತ ಕಾರನ್ನು ಸಾಗಿಸುವುದು

ಹಳ್ಳಿಗಳ ಕಡೆ ಕೆಟ್ಟ ಕಾರನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯುವುದು ರೂಢಿ. ಕೈಗೇರಿನ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಹೀಗೆ ಎಳೆದರೆ ಪೆಟ್ಟಿಗೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಎಣ್ಣೆಯ ಪಂಪು ಓಡುವುದು ಎಂಜಿನ್ನಿನಿಂದ. ಎಂಜಿನ್ ನಿಂತಿರುವಾಗ ಚಕ್ರಗಳು ಉರುಳಿದರೆ ಒಳಗಿನ ಬೇರಿಂಗ್‌ಗಳು ಎಣ್ಣೆಯಿಲ್ಲದೆ ಒಣಗಿ ತಿರುಗುತ್ತವೆ. ಗುಂಯ್ ಎನ್ನುತ್ತಿದ್ದ, ಇನ್ನೂ ದುರಸ್ತಿಯಾಗಬಹುದಾಗಿದ್ದ ಪೆಟ್ಟಿಗೆ ಚನ್ನಗಿರಿಯಿಂದ ದಾವಣಗೆರೆ ತಲುಪುವಷ್ಟರಲ್ಲಿ ಗುಜರಿಗೆ ಸೇರುವಂತಾಗಬಹುದು. ಇಂತಹ ಕಾರನ್ನು ನಾಲ್ಕೂ ಚಕ್ರಗಳು ನೆಲದಿಂದ ಮೇಲಿರುವಂತೆ ಲಾರಿಯ ಮೇಲೇರಿಸಿ ಸಾಗಿಸಬೇಕು. ಮುಂಚಕ್ರಗಳಿಂದ ಓಡುವ ಕಾರಾದರೆ ಮುಂಭಾಗವನ್ನು ಎತ್ತಿ ಹಿಂಚಕ್ರಗಳ ಮೇಲೆ ಎಳೆಯಬಹುದು, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು.